ಹಸು ಕೊಟ್ಟಿಗೆ ಸೇರಿತು, ನಾವೂ ಸೇರಿದೆವು

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಮಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಸಂಘದ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ಎದ್ದು ನಿಂತು ಎರಡು ಮಾತು ಆಡಿದ್ದೇ ಹೆಚ್ಚು. ಈ ದಿನ ಅಧ್ಯಕ್ಷರು ಬಿಡಲಿಲ್ಲ, "ಬೆಳ್ಳಿಹಬ್ಬದಲ್ಲಿ ನಿರ್ದೇಶಕರೆಲ್ಲ ಒಂದೊಂದು ವಿಚಾರ ಮಾತಾಡಬೇಕು" ಎಂದು ಕೂರಿಸಿದ್ದಾರೆ.

ನಮಗಿಂತ ಮುಂಚೆ ಮಾತಾಡಿದವರು ಸಹಕಾರದ ಚರಿತ್ರೆಯನ್ನು ಚೆನ್ನಾಗಿ ಹೇಳಿದರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, 1970ರಲ್ಲಿ ಕ್ಷೀರಕ್ರಾಂತಿ ಶುರುವಾಗಿದ್ದು, 1974ರ ನಂತರ ನಮ್ಮ ರಾಜ್ಯದಲ್ಲಿ ಊರೂರಿಗೂ ಹಾಲಿನ ಡೇರಿ ಬಂದಿದ್ದು, ಎಲ್ಲವನ್ನೂ ಕೇಳಿದಿರಿ. ಲೀಟರು, ಫ್ಯಾಟು, ಬೋನಸ್ಸು, ವಹಿವಾಟು, ಎಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಅಚ್ಚಾಗಿವೆ. ಆದ್ದರಿಂದ ನಾವು ಲೆಕ್ಕಕ್ಕೆ ಸಿಗದೆ ಹೋದ ಒಂದು ವಿಚಾರ ಹೇಳಬೇಕೆಂದು ಬಂದಿದ್ದೇವೆ. ಜಮಾ ಪುಟ ಎಲ್ಲರೂ ಓದಿದ್ದಾಯಿತು, ಖರ್ಚಿನ ಪುಟವನ್ನೂ ಒಂದು ಸಾರಿ ತಿರುವಿ ನೋಡೋಣ.

ನಾವು ಅಂದರೆ ನಾವೊಬ್ಬರೇ ಅಂದುಕೊಳ್ಳಬೇಡಿ. ನಲವತ್ತು, ಐವತ್ತರ ಆಸುಪಾಸಿನ ನಮ್ಮ ವಾರಿಗೆಯವರೆಲ್ಲ ಈ ಮಾತಿನಲ್ಲಿ ಸೇರಿದ್ದಾರೆ. ನಾವೆಲ್ಲ ದನ ಕಾಯ್ದು ಬೆಳೆದವರು. ಇಸ್ಕೂಲು ಬಿಟ್ಟ ತಕ್ಷಣ ಪುಸ್ತಕದ ಚೀಲ ಪಡಸಾಲೆಗೆ ಎಸೆದು, ನಾಲ್ಕು ನಾಟಿ ಹಸು, ಎರಡು ಎಮ್ಮೆ ಹೊಡೆದುಕೊಂಡು ಗೋಮಾಳಕ್ಕೆ ಹೋಗುತ್ತಿದ್ದೆವು. ರಜಾ ಬಂದರೆ ಬೆಳಿಗ್ಗೆ ಮುದ್ದೆ ಉಂಡು ಹೋದವರು ಹೊತ್ತು ಮುಳುಗಿದ ಮೇಲೇ ಬರೋದು.

ಆ ಗೋಮಾಳ ನಮಗೆ ಎರಡನೇ ಇಸ್ಕೂಲು. ಕಾರೆ ಹಣ್ಣು ಯಾವ ಮೆಳೆಯಲ್ಲಿ ಸಿಹಿ, ಎಲಚಿ ಹಣ್ಣು ಯಾವಾಗ ಕೆಂಪಾಗುತ್ತೆ, ಅತ್ತಿ ಹಣ್ಣು ಬಿಡಿಸಿದರೆ ಒಳಗೆ ಹುಳ ಇರುತ್ತೆ ಊದಿ ತಿನ್ನಬೇಕು, ಇದೆಲ್ಲ ಯಾವ ಮೇಷ್ಟರೂ ಹೇಳಿಕೊಟ್ಟಿದ್ದಲ್ಲ. ತಂಗಡಿ ಹೂ ಬಿಟ್ಟು ಗುಡ್ಡವೆಲ್ಲ ಹಳದಿಯಾಗೋದು. ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗನ ಗೂಡು ತೂಗಾಡೋದು. ಹೆಣ್ಣು ಬಂದು ಗೂಡು ನೋಡಿ ಒಪ್ಪಿದ ಮೇಲೇ ಗಂಡು ಗೀಜಗ ಅದನ್ನು ಪೂರ್ತಿ ಮಾಡೋದು. ಒಪ್ಪದಿದ್ದರೆ ಅರ್ಧಕ್ಕೇ ಬಿಟ್ಟು ಇನ್ನೊಂದು ಶುರು ಮಾಡೋದು. ಅದನ್ನು ನೋಡಿ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಹೊಲದ ಬಯಲಲ್ಲಿ ಟಿಟ್ಟಿಭ ಕೂಗಿಕೊಂಡು ತಲೆ ಮೇಲೆ ಹಾರಾಡಿದರೆ ಇಲ್ಲೇ ಎಲ್ಲೋ ನೆಲದ ಮೇಲೆ ಮೊಟ್ಟೆ ಇಟ್ಟಿದೆ, ಕಾಲು ನೋಡಿ ಇಡಬೇಕು ಅನ್ನೋದು ಗೊತ್ತಿತ್ತು. ಮೊದಲ ಮಳೆ ಬಿದ್ದ ಮಾರನೇ ದಿನ ಕೆಂಪು ಮಖಮಲ್ಲಿನಂಥ ಹುಳ ನೆಲದ ಮೇಲೆ ಹರಿದಾಡೋದು. ರಾತ್ರಿ ಈಸಲು ಹುಳ ದೀಪಕ್ಕೆ ಮುತ್ತೋದು.

ನಮ್ಮಪ್ಪನಿಗೆ ಕ್ಯಾಲೆಂಡರ್ ಬೇಕಿರಲಿಲ್ಲ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ ನಕ್ಷತ್ರ ಎಣಿಸುತ್ತಿದ್ದ. ಯಾವ ಮಳೆಗೆ ಎಳ್ಳು, ಯಾವ ಮಳೆಗೆ ರಾಗಿ ಅನ್ನೋದು ಬಾಯಲ್ಲೇ ಇತ್ತು. ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಅವ್ವ ಸಡ್ಡೆ ಹಿಡಿದು ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ ಬಿಡುತ್ತಿದ್ದಳು. ಒಂದು ಹೊಲದಲ್ಲಿ ಏಳೆಂಟು ಬಗೆ ಬೆಳೆ.

ಹಾಗೆಂದು ಆ ಕಾಲವೇ ಚಂದ ಎಂದು ನಾವು ಹೇಳುತ್ತಿಲ್ಲ. ಸುಳ್ಳು ಹೇಳಬಾರದು. ಆಗ ಮನೆಯ ನಾಲ್ಕು ಹಸು ಸೇರಿ ಎರಡು ಸೇರು ಹಾಲು ಕೊಡುತ್ತಿರಲಿಲ್ಲ. ನಮ್ಮಲ್ಲಿ ಎಷ್ಟೋ ಜನ ದನ ಕಾಯುವ ಸಲುವಾಗಿಯೇ ಇಸ್ಕೂಲು ಬಿಟ್ಟರು. ಬೇಸಿಗೆಯಲ್ಲಿ ದನ ಮಾರಿ ರಾಗಿ ತಂದದ್ದೂ ಉಂಟು. ಈ ಸಂಘ ಶುರುವಾದ ಮೇಲೆ ಹದಿನೈದು ದಿನಕ್ಕೊಂದು ಸಾರಿ ಕೈಗೆ ದುಡ್ಡು ಬಂತು. ಹೆಣ್ಣುಮಕ್ಕಳ ಕೈಗೂ ಬಂತು. ಸೀಮೆ ಹಸು ಬಂತು, ಅದರ ಹಾಲಿನ ದುಡ್ಡಲ್ಲಿ ಮಕ್ಕಳು ಕಾಲೇಜು ಓದಿದರು, ಮನೆಗೆ ಆರ್.ಸಿ.ಸಿ. ಬಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಆ ವರ್ಷ ರಾಗಿ ಒಣಗಿದರೂ ನಮ್ಮ ಮನೆಗಳಲ್ಲಿ ಒಲೆ ಉರಿದದ್ದು ಕೊಟ್ಟಿಗೆಯ ದೆಸೆಯಿಂದ. ಇದನ್ನು ಮರೆತರೆ ನಾವು ಅನ್ನ ತಿನ್ನುವ ಜನ ಅಲ್ಲ.

ಆದರೆ ಒಂದು ಮಾತು. ಸೀಮೆ ಹಸು ಗುಡ್ಡ ಹತ್ತುವ ಹಸುವಲ್ಲ. ಬಿಸಿಲು ತಡೆಯೋದಿಲ್ಲ, ಉಣ್ಣೆ ಹತ್ತಿದರೆ ಜ್ವರ. ದಿನಕ್ಕೆ 25-30 ಕೆ.ಜಿ. ಹಸಿಮೇವು ಅದರ ಮುಂದೆ ತಂದು ಹಾಕಬೇಕು, ಒಂದೊಂದು ಲೀಟರು ಹಾಲಿಗೆ 400 ಗ್ರಾಂನಂತೆ ಪಶು ಆಹಾರ ತೂಗಿ ಕೊಡಬೇಕು. ಹೀಗಾಗಿ ಹಸು ಕೊಟ್ಟಿಗೆ ಸೇರಿತು. ಹಸು ಕೊಟ್ಟಿಗೆ ಸೇರಿದ ದಿನ ನಾವೂ ಸೇರಿಕೊಂಡೆವು. ನಮ್ಮನ್ನು ಗುಡ್ಡಕ್ಕೆ, ಹಳ್ಳಕ್ಕೆ, ಬದುವಿಗೆ ಕರೆದುಕೊಂಡು ಹೋಗುತ್ತಿದ್ದದ್ದು ಹಸು. ನಾವು ಅದನ್ನು ಮೇಯಿಸುತ್ತಿದ್ದೇವೆ ಅಂದುಕೊಂಡಿದ್ದೆವು. ಅದೇ ನಮ್ಮನ್ನು ಮೇಯಿಸುತ್ತಿತ್ತು.

ಈಗ ನಮ್ಮ ದಿನಚರಿ ನೋಡಿ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯೋದು, ಆರೂವರೆಗೆ ಬೈಕಿನಲ್ಲಿ ಡೇರಿ, ಅಲ್ಲಿಂದ ಸೀಮೆ ಹುಲ್ಲು ಕೊಯ್ದು ಗಾಡಿಗೆ ಹೇರಿ ಮೇವು ಕತ್ತರಿಸುವ ಮಿಷನ್‌ಗೆ ಹಾಕೋದು. ಹತ್ತು ಗಂಟೆಗೆ ಬ್ಯಾಂಕು, ನಾಡಕಚೇರಿ, ಫೀಡ್ಸ್ ಅಂಗಡಿ, ಇಲ್ಲವೇ ಸಂಘದ ಮೀಟಿಂಗು. ಸಂಜೆ ಮತ್ತೆ ಹಾಲು. ಕೈ ಬಿಡುವಾದರೆ ಕೈಯಲ್ಲಿ ಮೊಬೈಲು. ಮಳೆ ಬರುತ್ತಾ ಎಂದು ಆಕಾಶ ನೋಡೋದಿಲ್ಲ, ಮೊಬೈಲು ನೋಡ್ತೀವಿ. ಹೊಲದ ನಡುವೆ ಮನೆ ಇದ್ದೂ ಬೆಂಗಳೂರಲ್ಲಿ ಇದ್ದ ಹಾಗೇ ಇದ್ದೇವೆ. ಪಟ್ಟಣಕ್ಕೆ ಹೋದ ಹುಡುಗರು ಊರು ಮರೆತರು ಎಂದು ಬೈಯುತ್ತೇವೆ. ಊರಲ್ಲೇ ಇದ್ದು ಮರೆತ ನಮ್ಮನ್ನು ಬೈಯುವವರು ಯಾರು?

ಇದು ನಮಗೆ ತಿಳಿದದ್ದು ಹೇಗೆಂದು ಹೇಳಿಬಿಡುತ್ತೇವೆ. ಹೇಳಲು ಸಂಕೋಚವಿದೆ, ಆದರೂ ನಮ್ಮ ಜನರ ಮುಂದೆ ಹೇಳದೆ ಇನ್ನೆಲ್ಲಿ ಹೇಳೋದು.

ಕೆಲವು ವರ್ಷದ ಹಿಂದೆ ಶ್ರಾವಣದಲ್ಲಿ ನಮ್ಮ ಅವ್ವ ಹಾಸಿಗೆ ಹಿಡಿದಳು. ಊಟ ಸೇರುತ್ತಿರಲಿಲ್ಲ. ಒಂದು ದಿನ ನಮ್ಮನ್ನು ಹತ್ತಿರ ಕರೆದು, "ಅಣ್ಣೆ ಸೊಪ್ಪು ಬಂದಿರ್ಬೇಕಲ್ಲಪ್ಪ ಹೊಲದಲ್ಲಿ. ಒಂದು ಹಿಡಿ ಕಿತ್ಕೊಂಡು ಬಾ, ಬಸ್ಸಾರು ಮಾಡಿದ್ರೆ ಎರಡು ತುತ್ತು ಉಣ್ತೀನಿ" ಅಂದಳು. ಇಷ್ಟೇ ಕೇಳಿದ್ದು. ಬಂಗಾರ ಕೇಳಲಿಲ್ಲ, ದೊಡ್ಡಾಸ್ಪತ್ರೆ ಕೇಳಲಿಲ್ಲ.

ನಾವು ಬೈಕ್ ಹತ್ತಿ ಹೊಲಕ್ಕೆ ಹೋದೆವು. ಮೂರು ಎಕರೆ ನಮ್ಮ ಹೊಲ. ಒಂದು ಕಡೆ ಸೀಮೆ ಹುಲ್ಲು, ಒಂದು ಕಡೆ ಮುಸುಕಿನ ಜೋಳ, ಉಳಿದದ್ದು ತೆಂಗಿನ ಗಿಡ. ಬದುವಿನಿಂದ ಬದುವಿಗೆ ಸುತ್ತಿದೆವು. ಒಂದು ಗಿಡ ಅಣ್ಣೆ ಸೊಪ್ಪು ಇಲ್ಲ. ಗೋಣಿ ಸೊಪ್ಪು ಇಲ್ಲ. ಕನ್ನೆ ಇಲ್ಲ, ಕೊಮ್ಮೆ ಇಲ್ಲ, ಗಣಿಕೆ ಇಲ್ಲ. ಹುಡುಗರಾಗಿದ್ದಾಗ ಅವ್ವನ ಸೆರಗು ಹಿಡಿದು ಮಡಿಲ ತುಂಬ ಬೆರಕೆ ಸೊಪ್ಪು ಕಿತ್ತ ಅದೇ ಹೊಲ. ಮೂರು ವರ್ಷದಿಂದ ಜೋಳಕ್ಕೆ, ತೆಂಗಿನ ಬುಡಕ್ಕೆ, ಬದುವಿಗೆ ಕಳೆನಾಶಕ ಹೊಡೆದವರು ನಾವೇ. ಕೂಲಿ ಆಳು ಸಿಗೋದಿಲ್ಲ, ನಮಗೆ ಪುರಸೊತ್ತಿಲ್ಲ, ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಅರ್ಧ ದಿನದಲ್ಲಿ ಮುಗಿಸುತ್ತಿದ್ದೆವು. ಹೊಲ ಎಷ್ಟು ಚೊಕ್ಕಟವಾಗಿದೆ ಎಂದು ನಾಲ್ಕು ಜನಕ್ಕೆ ತೋರಿಸಿಯೂ ಇದ್ದೆವು. ಆ ದಿನ ಆ ಚೊಕ್ಕಟ ನೋಡಿ ನಮಗೆ ಎದೆ ಹೊಡೆದುಕೊಂಡಿತು.

ಆಮೇಲೆ ನಮ್ಮ ಸಂಘದ ಒಬ್ಬ ಸದಸ್ಯರ ಹೊಲಕ್ಕೆ ಹೋದೆವು. ಗಂಡ ಇಲ್ಲದ ಹೆಣ್ಣುಮಗಳು, ದಿನಕ್ಕೆ ಮೂರು ಲೀಟರು ಹಾಲು ಹಾಕುವವರು. ಔಷಧಿ ಕೊಳ್ಳಲು ದುಡ್ಡಿಲ್ಲದ್ದಕ್ಕೆ ಕೈಯಲ್ಲೇ ಕಳೆ ಕೀಳುತ್ತಾರೆ. ಅವರ ರಾಗಿ ಸಾಲಿನ ನಡುವೆ ಸೊಪ್ಪು ನಳನಳಿಸುತ್ತಿತ್ತು. "ಅಯ್ಯೋ, ಅವ್ವಂಗೆ ತಾನೆ, ಎಷ್ಟು ಬೇಕೋ ಕಿತ್ಕೊಳ್ಳಿ ಅಣ್ಣ" ಎಂದು ಅವರೇ ಕಿತ್ತು ಟವಲಿಗೆ ಹಾಕಿದರು. ಯಾವುದು ಎಳೆಯದು, ಯಾವುದು ಬಲಿತದ್ದು ಎಂದು ಬೇರೆ ಮಾಡಿ ಕೊಟ್ಟರು. ನಿರ್ದೇಶಕರಾದ ನಾವು ಸುಮ್ಮನೆ ನಿಂತಿದ್ದೆವು.

ರಾತ್ರಿ ಅವ್ವ ಎರಡು ತುತ್ತಲ್ಲ, ಅರ್ಧ ಮುದ್ದೆ ಉಂಡಳು. ಉಂಡು, "ಯಾವ ಹೊಲದ್ದಪ್ಪ?" ಎಂದು ಕೇಳಿದಳು. ನಾವು, "ನಮ್ದೇ ಕಣವ್ವ" ಅಂದುಬಿಟ್ಟೆವು.

ಅವ್ವ ಮಾರನೇ ವರ್ಷ ಹೋದಳು. ಆ ಸುಳ್ಳು ಹಾಗೇ ಉಳಿಯಿತು. ಇವತ್ತು ನಿಮ್ಮ ಮುಂದೆ ಅದನ್ನು ಒಪ್ಪಿಕೊಂಡಿದ್ದೇವೆ.

ಆ ಶ್ರಾವಣದಿಂದ ಈಚೆಗೆ ನಾವು ಕೆಲವು ಸಣ್ಣ ಕೆಲಸ ಹಿಡಿದೆವು. ದೊಡ್ಡದೇನೂ ಅಲ್ಲ. ನಮಗಿರುವ ಪುರಸೊತ್ತಿನಲ್ಲಿ ಆಗುವಂಥವು. ನೀವೂ ಮಾಡಬಹುದು ಎಂದು ಹೇಳುತ್ತೇವೆ.

ಮೊದಲನೆಯದು, ಬೆಳಿಗ್ಗೆ ಹಾಲು ಹಾಕಲು ಬೈಕಿನಲ್ಲಿ ಬರೋದು ಬಿಟ್ಟು ವಾರಕ್ಕೆ ಎರಡು ದಿನವಾದರೂ ನಡೆದು ಬರೋದು. ಬರುವಾಗ ರಸ್ತೆ, ಹೋಗುವಾಗ ಖಾಲಿ ಕ್ಯಾನು ಹಿಡಿದು ಹಳ್ಳದ ದಂಡೆಯ ಕಾಲುದಾರಿ. ಇಪ್ಪತ್ತು ನಿಮಿಷ ಹೆಚ್ಚಾಗುತ್ತೆ, ಅಷ್ಟೆ. ಮೊದಲ ವಾರ ನಮಗೇನೂ ಕಾಣಿಸಲಿಲ್ಲ. ತಲೆ ತುಂಬ ಸಾಲದ ಕಂತು, ಫೀಡ್ಸಿನ ರೇಟು. ಎರಡನೇ ತಿಂಗಳಲ್ಲಿ ಕಿವಿ ತೆರೆಯಿತು. ಮಡಿವಾಳ ಹಕ್ಕಿ ಬೆಳಗಿನ ಜಾವ ಯಾವ ಮರದ ತುದಿಯಲ್ಲಿ ಕೂತು ಹಾಡುತ್ತೆ ಎಂದು ಗೊತ್ತಾಯಿತು. ಕೆಂಬೂತ ಇನ್ನೂ ಇದೆ. ನವಿಲು ನಾವು ಹುಡುಗರಾಗಿದ್ದಾಗ ಇದ್ದದ್ದಕ್ಕಿಂತ ಹೆಚ್ಚಾಗಿದೆ, ಬೆಳೆಗೆ ಕಾಟವೂ ಹೌದು. ಗೀಜಗನ ಗೂಡು ಮಾತ್ರ ಬಾವಿ ಕಡೆ ಇಲ್ಲ. ಬಾವಿ ಬತ್ತಿತು, ಜಾಲಿಮರ ಹೋಯಿತು. ಹುಡುಕಿದರೆ ಕೆರೆ ಏರಿಯ ಕೆಳಗಿನ ತೆಂಗಿನ ಗರಿಯಲ್ಲಿ ಹನ್ನೊಂದು ಗೂಡು ಸಿಕ್ಕಿದವು. ಹುಡುಗನ ಹಾಗೆ ನಿಂತು ಎಣಿಸಿದೆವು. ಎದುರಿಗೆ ಬಂದವರು "ಏನ್ರೀ ನಿರ್ದೇಶಕ್ರು, ತೆಂಗಿನಕಾಯಿ ಎಣಿಸ್ತಿದೀರಾ?" ಎಂದು ಕೇಳಿದರು.

ಎರಡನೆಯದು, ಬತ್ತಿದ ಹಸು ಮತ್ತು ಪಡ್ಡೆಗಳನ್ನು ದಿನಾ ಒಂದು ಗಂಟೆ ಹಗ್ಗ ಹಿಡಿದು ಹೊರಗೆ ಮೇಯಿಸೋದು. ಹಾಲು ಕರೆಯುವ ಹಸುವನ್ನು ಬಿಸಿಲಿಗೆ ಬಿಡಿ ಎಂದು ನಾವು ಹೇಳೋದಿಲ್ಲ. ಆದರೆ ನಡೆದಾಡಿದರೆ ಹಸುವಿನ ಗೊರಸಿಗೆ, ಕಾಲಿಗೆ ಒಳ್ಳೆಯದು. ಹಗ್ಗದ ಇನ್ನೊಂದು ತುದಿಯಲ್ಲಿ ಇರುವವರಿಗೂ ಒಳ್ಳೆಯದು. ನಮಗೆ ಶುಗರ್ ಇದೆ, ಡಾಕ್ಟರು ನಡೆಯಿರಿ ಅಂದಿದ್ದಾರೆ. ಸುಮ್ಮನೆ ರಸ್ತೆಯಲ್ಲಿ ಕೈ ಬೀಸಿಕೊಂಡು ನಡೆದರೆ ಊರವರು ನಗ್ತಾರೆ. ಹಸು ಹಿಡಿದು ನಡೆದರೆ ಯಾರೂ ನಗೋದಿಲ್ಲ.

ಮೂರನೆಯದು, ಒಂದು ಬದು ಮತ್ತು ಅದರ ಪಕ್ಕದ ಐದು ಗುಂಟೆಗೆ ಕಳೆನಾಶಕ ಮುಟ್ಟಿಸದಿರೋದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವೇ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ರೈತರು ತಾವಾಗಿ ಬಳಸಬಾರದು, ಪರವಾನಗಿ ಇರುವ ಕೀಟ ನಿಯಂತ್ರಕರ ಮೂಲಕವೇ ಬಳಸಬೇಕೆಂದು ಆದೇಶ ಮಾಡಿತು. ಸರ್ಕಾರದ ಮಾತು ಹಾಗಿರಲಿ, ನಮ್ಮ ಬಾಯಿಗೆ ಬೀಳುವ ಸೊಪ್ಪಿನ ಮಾತು ನೋಡಿ. ಆ ಐದು ಗುಂಟೆಯಲ್ಲಿ ನಾವು ರಾಗಿ ಬಿತ್ತಿ, ಅಕ್ಕಡಿ ಸಾಲು ಬಿಟ್ಟೆವು. ಮೊದಲ ವರ್ಷ ಗರಿಕೆ ಬಿಟ್ಟರೆ ಏನೂ ಬರಲಿಲ್ಲ. ಕುರಿ ಮಂದೆ ನಿಲ್ಲಿಸಿದೆವು. ಎರಡನೇ ವರ್ಷ ಗೋಣಿ ಸೊಪ್ಪು ಕಂಡಿತು. ಮೂರನೇ ವರ್ಷ ರಾಗಿ ಮಂಡಿಯುದ್ದ ಬಂದಾಗ ಸಾಲಿನ ನಡುವೆ ಅಣ್ಣೆ ಸೊಪ್ಪು, ನಾಲ್ಕೇ ಗಿಡ. ಕೀಳಲಿಲ್ಲ. ಗುಲಾಬಿ ಬಿಳುಪಿನ ಕೊಂತಿ ಬಿಟ್ಟು ಬೀಜ ಉದುರಲಿ ಎಂದು ಬಿಟ್ಟೆವು. ಹೋದ ವರ್ಷ ಒಂದು ಹೊತ್ತಿನ ಸಾರಿಗೆ ಆಗುವಷ್ಟು ಬಂತು. ಪೂರಾ ಮೂರು ಎಕರೆಗೂ ಔಷಧಿ ಬಿಟ್ಟಿಲ್ಲ, ಅದನ್ನೂ ಹೇಳಬೇಕು. ಜೋಳಕ್ಕೆ ಈಗಲೂ ಒಂದು ಸಾರಿ ಹೊಡೆಯುತ್ತೇವೆ. ಆಳಿನ ಕಷ್ಟ ನಿಮಗೂ ಗೊತ್ತು.

ನಾಲ್ಕನೆಯದು, ಮಕ್ಕಳ ವಿಚಾರ. ನಮ್ಮ ಮಗ ಹೊಂಗೆ ಮರಕ್ಕೂ ಮುತ್ತುಗದ ಮರಕ್ಕೂ ವ್ಯತ್ಯಾಸ ಹೇಳಲಾರ. ಬೈದು ಪ್ರಯೋಜನವಿಲ್ಲ. ನಾವು ತೋರಿಸಲಿಲ್ಲ, ಅವನು ನೋಡಲಿಲ್ಲ. ಭಾನುವಾರ ಒಂದು ಗಂಟೆ ಹೊಲಕ್ಕೆ ಕರೆದುಕೊಂಡು ಹೋಗುತ್ತೇವೆ. ಕೆಲಸಕ್ಕಲ್ಲ, ಸುಮ್ಮನೆ. ಕೆಲಸ ಅಂದರೆ ಬರೋದಿಲ್ಲ. ಒಂದೊಂದು ವಾರಕ್ಕೆ ಒಂದು ಗಿಡ, ಒಂದು ಹಕ್ಕಿ. ಈ ವಿಚಾರದಲ್ಲಿ ನಮ್ಮ ತಾಯಂದಿರೇ ಗುರುಗಳು. ನಾವು ಗಂಡಸರು ಬೈಕ್ ಹತ್ತಿ ಎಲ್ಲಾ ಮರೆತಾಗ ಹುಲ್ಲಿಗೆ, ಸೊಪ್ಪಿಗೆ ಬದು ತಿರುಗಿದವರು ಅವರು. ಅವರಿಗೆ ಗೊತ್ತಿರೋದರಲ್ಲಿ ಕಾಲು ಭಾಗ ನಮಗೆ ಗೊತ್ತಿಲ್ಲ. ಅವರು ಇರುವಾಗಲೇ ಕೇಳಿ ಕಲಿಯಬೇಕು.

ಇನ್ನು ಸಂಘದ ಮಟ್ಟದಲ್ಲಿ ಎರಡು ಬೇಡಿಕೆ. ನಮ್ಮ ಡೇರಿಯಲ್ಲಿ ಪ್ರತಿಯೊಬ್ಬರ ಹಾಲಿನ ಲೆಕ್ಕ ದಿನಾ ಎರಡು ಹೊತ್ತು ದಾಖಲಾಗುತ್ತೆ. ಅದೇ ಶಿಸ್ತಿನಲ್ಲಿ ಊರಿನ ಮಳೆಯ ಲೆಕ್ಕವನ್ನೂ ಇಡೋಣ. ಒಂದು ಮಳೆಮಾಪಕ ತಂದು, ಮರ ಗೋಡೆಗಳಿಂದ ದೂರ, ಬಯಲಲ್ಲಿ ನಿಲ್ಲಿಸಿ, ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದರೆ ಸಾಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು ನಾಲ್ಕು ಸಾವಿರ ಚದರ ಮೀಟರ್. ಹಾಗಾದರೆ 25 ಮಿಲಿಮೀಟರಿನ ಒಂದು ಹದ ಮಳೆಗೆ ಎಕರೆಗೆ ಒಂದು ಲಕ್ಷ ಲೀಟರ್ ನೀರು! ಒಂದು ಲೀಟರ್ ಹಾಲು ಚೆಲ್ಲಿದರೆ ನಾವು ಮನೆಯವರನ್ನೆಲ್ಲ ಬೈಯುತ್ತೇವೆ. ಲಕ್ಷ ಲೀಟರ್ ನೀರು ಒಡೆದ ಬದುವಿನಲ್ಲಿ ಹಳ್ಳ ಸೇರಿದರೆ ಮಳೆ ಚೆನ್ನಾಗಾಯಿತು ಅಂತೀವಿ. ಡೇರಿ ಬೋರ್ಡಿನ ಮೇಲೆ ಹಾಲಿನ ದರದ ಪಕ್ಕದಲ್ಲಿ ಯಾವ ನಕ್ಷತ್ರದ ಮಳೆ, ಎಷ್ಟು ಬಿತ್ತು ಎಂದು ಬರೆದರೆ ನಮ್ಮ ಕಣ್ಣು ಮತ್ತೆ ಆಕಾಶದ ಕಡೆ ತಿರುಗುತ್ತೆ.

ಎರಡನೆಯದು, ಸಂಘದ ಕಟ್ಟಡದ ಹಿಂದಿನ ಜಾಗ. ಪೂರಾ ಕಾಂಕ್ರೀಟ್ ಹಾಕಬೇಕೆಂದು ಹೋದ ಸಭೆಯಲ್ಲಿ ಮಾತು ಬಂದಾಗ ನಾವೂ ಕೈ ಎತ್ತಿದ್ದೆವು. ಈಗ ಆ ಕೈ ಇಳಿಸುತ್ತಿದ್ದೇವೆ. ಗಾಡಿ ತಿರುಗಲು ಎಷ್ಟು ಬೇಕೋ ಅಷ್ಟಕ್ಕೆ ಹಾಕೋಣ. ಉಳಿದ ಜಾಗದಲ್ಲಿ ಅಲ್ಲಿರುವ ಹಳೇ ಹುಣಸೆಮರ ಉಳಿಸಿಕೊಂಡು, ಹೊಂಗೆ, ಬೇವು, ನೇರಳೆ, ಅತ್ತಿ ಹಾಕೋಣ. ಹಾಲು ತಂದ ಹೆಂಗಸರಿಗೆ ಕೂರಲು ನೆರಳಾಗುತ್ತೆ, ಹಕ್ಕಿಗೆ ಹಣ್ಣಾಗುತ್ತೆ.

ಊರು ಮನಸ್ಸು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಆ ಜನ ಅವನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡರು, ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ಕೂಲಿನಾಲಿ ಮಾಡಿಕೊಂಡೇ ಗಂಡನ ಜೊತೆ ನೀರು ಹೊತ್ತು ರಸ್ತೆ ಬದಿಯಲ್ಲಿ ಆಲದ ಸಾಲು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂದದ್ದು ಆಮೇಲಿನ ಮಾತು. ಅವರಿಗೆ ನಮಗಿಂತ ಹೆಚ್ಚು ಪುರಸೊತ್ತು ಇತ್ತೆಂದು ಯಾರಾದರೂ ಹೇಳಬಲ್ಲಿರಾ?

ಬಾಂಧವರೇ, ಸಹಕಾರ ಅಂದರೆ ಒಬ್ಬರಿಗೊಬ್ಬರು ಕೈ ಕೊಡೋದು. ಇಪ್ಪತ್ತೈದು ವರ್ಷ ನಾವು ಮನುಷ್ಯರು ಒಬ್ಬರಿಗೊಬ್ಬರು ಕೈ ಕೊಟ್ಟೆವು, ಊರು ಮೇಲೆ ಬಂತು. ಆದರೆ ನೆಲ, ನೀರು, ಹಕ್ಕಿ, ಸೊಪ್ಪು ಇವೂ ನಮ್ಮ ಸಂಘದ ಹಳೇ ಸದಸ್ಯರೇ. ಷೇರು ಹಣ ಎಂದೋ ಕಟ್ಟಿದ್ದಾರೆ, ಯಾವ ಸಭೆಗೂ ಬಂದು ಬೋನಸ್ಸು ಕೇಳಿಲ್ಲ. ಮುಂದಿನ ಇಪ್ಪತ್ತೈದು ವರ್ಷಕ್ಕೆ ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ.

ಈ ಶ್ರಾವಣದಲ್ಲಿ ಯಾರ ಮನೆಯಲ್ಲಾದರೂ ಹಿರಿಯರು ಅಣ್ಣೆ ಸೊಪ್ಪು ಕೇಳಿದರೆ ನಮ್ಮ ಹೊಲಕ್ಕೆ ಬನ್ನಿ. ಐದೇ ಗುಂಟೆ, ಆದರೂ ಒಂದು ಹಿಡಿ ಸಿಗುತ್ತೆ. ಯಾವ ಹೊಲದ್ದು ಎಂದು ಅವರು ಕೇಳಿದರೆ ನಿಜ ಹೇಳಿ. ಮುಂದಿನ ವರ್ಷ ನಿಮ್ಮ ಹೊಲದ್ದೇ ಎಂದು ಹೇಳುವ ಹಾಗಾಗಲಿ.



ಜೈ ಸಹಕಾರ.